ಅನ್ನದಾನದಲ್ಲಿ ಲಜ್ಜೆ ಯಾರದು?

ಹಸಿವು ಕಣ್ಣಿಗೆ ಕಾಣುವ ವಸ್ತುವೆಂದು ಬಹುಜನರು ಭಾವಿಸುತ್ತಾರೆ. ದೇವಸ್ಥಾನದ ಮೆಟ್ಟಿಲ ಮೇಲೆ ಕೈಯೊಡ್ಡಿ ಕುಳಿತವನ ಹಸಿವು ಕಾಣುವುದೇನೋ ನಿಜ. ಆದರೆ ಒಗೆದ ಬಟ್ಟೆಯನ್ನುಟ್ಟು, ಬಾಗಿಲು ಸಾರಿಸಿ ರಂಗೋಲಿಯಿಟ್ಟು, ಒಳಗೆ ಒಲೆ ಹಚ್ಚದೆ ಕುಳಿತಿರುವ ಗೃಹಸ್ಥನ ಹಸಿವು ನೆರೆಮನೆಯವರಿಗೂ ಕಾಣುವುದಿಲ್ಲ. ಅಂತಹವನಿಗೆ ಅನ್ನಕ್ಕಿಂತ ಮಾನವೇ ದೊಡ್ಡದು. ಈ ಸಂಗತಿಯನ್ನು ನಾನು ಗ್ರಂಥಗಳಿಂದ ತಿಳಿದವನಲ್ಲ; ನನ್ನ ತಪ್ಪಿನಿಂದಲೇ ತಿಳಿದೆನು.

2020ನೆಯ ಇಸವಿ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲಿಕ್ಕಿಕೊಂಡುದು ವಾಚಕರ ನೆನಪಿನಲ್ಲಿರಬಹುದು. ಆಗ ನಾನಿನ್ನೂ ಉಪಾಧ್ಯಾಯ ವೃತ್ತಿಯಲ್ಲಿದ್ದೆನು. ನಮ್ಮೂರಿನ ಕೆಲವರು ಕೂಡಿ, ಅಧಿಕಾರಿಗಳ ಅನುಮತಿ ಪಡೆದು, ಹಿಂದಿನವರ ಮುಷ್ಟಿ ಅಕ್ಕಿಯ ಪದ್ಧತಿಯನ್ನು ಮರಳಿ ಆರಂಭಿಸಿದೆವು. ಗೃಹಿಣಿಯು ಅನ್ನಕ್ಕೆ ಅಕ್ಕಿಯನ್ನು ಅಳೆಯುವಾಗ ದಿನವೂ ಒಂದು ಹಿಡಿಯನ್ನು ಬೇರೊಂದು ಡಬ್ಬಿಗೆ ಹಾಕುವುದು. ವಾರಕ್ಕೊಮ್ಮೆ ಸ್ವಯಂಸೇವಕರು ಬಂದು ಅದನ್ನು ಒಯ್ಯುವುದು. ಇಷ್ಟೇ ಅದರ ವಿಧಾನ. ಹಿಡಿಯೊಂದಕ್ಕೆ 50 ಗ್ರಾಂ ಎಂದಿಟ್ಟುಕೊಂಡರೂ ಒಂದು ಮನೆಯಿಂದ ತಿಂಗಳಿಗೆ ಒಂದೂವರೆ ಕಿಲೋ, ನಲವತ್ತು ಮನೆಗಳಿಂದ 60 ಕಿಲೋ ಆಗುತ್ತದೆ. ಕೊಡುವ ಮನೆಗೆ ಭಾರವಿಲ್ಲ, ಕೂಡಿದಾಗ ಅಲ್ಪವೂ ಅಲ್ಲ.

ಒಂದು ಬೆಳಿಗ್ಗೆ ನಮ್ಮ ಬೀದಿಯ ದರ್ಜಿಯ ಮನೆಗೆ ಅಕ್ಕಿಯ ಗಂಟನ್ನು ಒಯ್ದೆವು. ನಮ್ಮೊಡನಿದ್ದ ತರುಣನೊಬ್ಬನು ಛಾಯಾಚಿತ್ರ ತೆಗೆಯಲು ಮೊಬೈಲನ್ನು ಎತ್ತಿ ಹಿಡಿದಿದ್ದನು. ನಾಲ್ಕು ಜನ ನೋಡಿದರೆ ಇನ್ನಷ್ಟು ದಾನ ಬಂದೀತೆಂಬ ಆಶೆಯಿಂದ ನಾನೂ ಅದಕ್ಕೆ ಒಪ್ಪಿದ್ದೆನು. ದರ್ಜಿಯು ಬಾಗಿಲನ್ನು ಅರ್ಧ ತೆರೆದು, “ನಮ್ಮನೇಲಿ ಇದೆ ಮೇಷ್ಟ್ರೆ, ಇಲ್ಲದೋರಿಗೆ ಕೊಡಿ” ಎಂದು ನಕ್ಕು ಕದವಿಕ್ಕಿಕೊಂಡನು. ನಾವು ಸಂತೋಷದಿಂದಲೇ ಮುಂದಿನ ಮನೆಗೆ ನಡೆದೆವು.

ಮರುದಿನ ದಿನಸಿ ಅಂಗಡಿಯವರು ಹೇಳಿದ ಮಾತಿನಿಂದ ನನ್ನ ಎದೆ ಕುಸಿಯಿತು. ಹದಿನೈದು ದಿನಗಳಿಂದ ಆ ಮನೆಗೆ ಒಂದು ಕಿಲೋ ಅಕ್ಕಿಯೂ ಹೋಗಿರಲಿಲ್ಲ. ಆತನ ಪಡಿತರ ಚೀಟಿ ಬಿಟ್ಟುಬಂದ ಹಳ್ಳಿಯಲ್ಲಿಯೇ ಇತ್ತು. ಮನೆಯಲ್ಲಿ ಇಬ್ಬರು ಮಕ್ಕಳು. ಆತನು ನಿರಾಕರಿಸಿದ್ದು ಅಕ್ಕಿಯನ್ನಲ್ಲ, ಆ ಚಿತ್ರವನ್ನು.

ಅಂದು ರಾತ್ರಿ ನಾನು ಮಕ್ಕಳಿಗೆ ಎಷ್ಟೋ ಸಲ ಪಾಠ ಹೇಳಿದ್ದ ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ನೆನಪಾಯಿತು. ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ದಾನದ ರೀತಿಯನ್ನು ಹೇಳುವಾಗ, ಶ್ರದ್ಧೆಯಿಂದ ಕೊಡು ಎಂದುದಲ್ಲದೆ ಲಜ್ಜೆಯಿಂದಲೂ ಕೊಡು ಎನ್ನುತ್ತಾನೆ. ಲಜ್ಜೆ ಇರಬೇಕಾದುದು ಕೊಡುವವನಿಗೆ! ನಾವಾದರೋ ಅದನ್ನು ತೆಗೆದು ಕೊಳ್ಳುವವನ ತಲೆಯ ಮೇಲೆ ಹೊರಿಸಿಬಿಟ್ಟಿದ್ದೇವೆ. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಆ ಮಾತಿನ ಅರ್ಥವನ್ನು ಒಬ್ಬ ದರ್ಜಿಯು ನನಗೆ ಕಲಿಸಬೇಕಾಯಿತು.

ಮಾರನೆಯ ಸಂಜೆ ಒಬ್ಬನೇ ಹೋಗಿ, “ಅಕ್ಕಿ ಹಂಚಲು ಚೀಲಗಳಿಲ್ಲ, ಹಳೆಯ ಬಟ್ಟೆಯಿಂದ ಹೊಲಿದುಕೊಡುತ್ತೀರಾ?” ಎಂದು ಕೇಳಿದೆನು. ಆತನ ಮುಖ ಅರಳಿತು. “ಅದಕ್ಕೇನು ಮೇಷ್ಟ್ರೆ, ತನ್ನಿ” ಎಂದನು. ಆತನು ಅರವತ್ತು ಚೀಲಗಳನ್ನು ಹೊಲಿದನು. ಐವತ್ತೊಂಬತ್ತು ತುಂಬಿ ಬೇರೆ ಮನೆಗಳಿಗೆ ಹೋದವು. ಒಂದು ತುಂಬಿ ಆತನ ಮನೆಯಲ್ಲಿಯೇ ಉಳಿಯಿತು. ಅದನ್ನು ಕುರಿತು ಆತನೂ ಮಾತನಾಡಲಿಲ್ಲ, ನಾನೂ ಮಾತನಾಡಲಿಲ್ಲ. ಛಾಯಾಚಿತ್ರಗಳನ್ನು ಅಂದಿನಿಂದಲೇ ನಿಲ್ಲಿಸಿದೆವು.

ಇದು ಹೊಸ ಮಾತೇನೂ ಅಲ್ಲ. ಶರಣರ ಪರಂಪರೆಯ ದಾಸೋಹವೆಂಬ ಶಬ್ದದಲ್ಲಿಯೇ ನೀಡುವವನು ದಾಸನೆಂಬ ಭಾವವಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಭೇದವಿಲ್ಲದೆ ಉಂಡು ಓದುವುದು ನಾಡಿಗೆಲ್ಲ ತಿಳಿದ ವಿಷಯ. 1941ರಲ್ಲಿ ಅಲ್ಲಿನ ಹೊಣೆಯನ್ನು ಹೊತ್ತು 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಆ ದಾಸೋಹವನ್ನು ಬೆಳೆಸಿದರು. ಪಂಕ್ತಿಯಲ್ಲಿ ಎಲ್ಲರೂ ಕುಳಿತಾಗ ಯಾರೂ ಬಡವರಾಗಿ ಕಾಣುವುದಿಲ್ಲ.

ನೆರವು ಬೇಕಾದ ಗೃಹಸ್ಥರಿಗೆ ಒಂದು ಮಾತು. ಅನ್ನವನ್ನು ಕೇಳುವುದು ಭಿಕ್ಷೆಯಲ್ಲ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬವೊಂದಕ್ಕೆ 35 ಕಿಲೋ ಧಾನ್ಯವು ಹಕ್ಕಾಗಿ ಸಲ್ಲುತ್ತದೆ. ಚೀಟಿ ಬೇರೆ ಊರಿನದಾದರೂ ಈಗ ಇದ್ದ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಪಡೆಯಬಹುದು. ಇದನ್ನು ತಿಳಿಯದೆ ಕಷ್ಟಪಡುವವರು ಇನ್ನೂ ಇದ್ದಾರೆ. ಚೀಟಿಯಾಗುವವರೆಗೆ ಊರಿನ ಅನ್ನದಾನ ಸಂಘದವರಲ್ಲಿ ನಂಬಿಕೆಯುಳ್ಳ ಒಬ್ಬರಿಗೆ ವಿಷಯವನ್ನು ತಿಳಿಸಿರಿ. ಇಂದು ಪಡೆದವರು ನಾಳೆ ಕೊಡುವವರಾಗಬಹುದು.

ಸೇವೆಗೆ ಹೊರಡುವವರಿಗೆ ಎರಡು ಮಾತು. ಬೇಳೆ, ಎಣ್ಣೆ, ಉಪ್ಪುಗಳನ್ನು ಮರೆಯಬೇಡಿರಿ. ಬರಿಯ ಅಕ್ಕಿಯಿಂದ ಊಟವಾಗದು. ಮದುವೆಮನೆಯಲ್ಲಿ ಮಿಕ್ಕ ಅಡಿಗೆಯನ್ನು ತರುವುದಾದರೆ ಬಿಸಿಯಾಗಿರುವಾಗಲೇ ತಂದು, ತಡಮಾಡದೆ ಬಡಿಸತಕ್ಕದ್ದು; ನಿಮ್ಮ ಮಕ್ಕಳಿಗೆ ಬಡಿಸಲಾರದುದನ್ನು ಇನ್ನೊಬ್ಬರ ಮಕ್ಕಳಿಗೆ ಒಯ್ಯಬಾರದು. ಹೆಸರುಗಳ ಪಟ್ಟಿ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಪಡೆಯುವವರಿಗೂ ಒಂದು ಕೆಲಸವನ್ನು ಒಪ್ಪಿಸಿರಿ. ಅಕ್ಕಿ ಆರಿಸುವುದಾಗಲಿ, ಲೆಕ್ಕ ಬರೆಯುವುದಾಗಲಿ. ಆದರೆ ಕೆಲಸ ಮಾಡಲಾರದವರಿಗೆ ಅದನ್ನು ನಿಬಂಧನೆಯಾಗಿಸಬೇಡಿರಿ.

ಆ ದರ್ಜಿಯ ಹೊಲಿಗೆಯಂತ್ರ ಈಗ ಮತ್ತೆ ನಡೆಯುತ್ತಿದೆ. ವಾರಕ್ಕೊಮ್ಮೆ ಮುಷ್ಟಿ ಅಕ್ಕಿಗಾಗಿ ನಾವು ಬೀದಿಗೆ ಹೋದಾಗ ಮೊದಲು ತೆರೆಯುವ ಬಾಗಿಲು ಆತನದು. ಡಬ್ಬಿಯನ್ನು ಹಿಡಿದು ಬರುವವಳು ಆತನ ಕಿರಿಯ ಮಗಳು. ಡಬ್ಬಿಯನ್ನು ತೆಗೆದುಕೊಳ್ಳುವಾಗ ನನ್ನ ತಲೆ ತಾನಾಗಿಯೇ ಬಾಗುತ್ತದೆ.