ಕೇಳಸ್ತೈತೇನ್ರೀ? ಓವರ್!

ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ರೇಡಿಯೊ ಪಡಸಾಲೆಯ ಗೋಡೆಗೂಡಿನಲ್ಲಿ ದೇವರ ಹಾಗೆ ಕೂತಿರುತ್ತಿತ್ತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ದನಿ ಅದರಿಂದ ಬರುತ್ತಿತ್ತು. ನಮ್ಮ ಅಜ್ಜಿ ವಾರ್ತೆ ಓದುವವರೊಡನೆ ಜಗಳಕ್ಕೇ ನಿಲ್ಲುತ್ತಿದ್ದಳು. “ಮಳಿ ಬರ್ತೈತಿ ಅಂತ ನಿನ್ನೇನೂ ಹೇಳಿದ್ದಿ. ಎಲ್ಲಿ ಬಂತು?” ಪಾಪ, ರೇಡಿಯೊ ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಹೇಳುವುದಷ್ಟೇ ಅದರ ಕೆಲಸ, ಕೇಳುವುದಷ್ಟೇ ನಮ್ಮ ಕೆಲಸ.

ಉತ್ತರ ಕೊಡುವ ರೇಡಿಯೊ ಕೂಡ ಇದೆ ಮಕ್ಕಳೇ. ಒಂದು ಗುಂಡಿ ಒತ್ತಿ ಮಾತಾಡಿದರೆ ಆಚೆಯವರಿಗೆ ಕೇಳುತ್ತದೆ, ಗುಂಡಿ ಬಿಟ್ಟರೆ ಅವರ ಮಾತು ನಮಗೆ ಕೇಳುತ್ತದೆ. ನಡುವೆ ಟವರ್ ಬೇಡ, ಸಿಮ್ ಬೇಡ, ರೀಚಾರ್ಜ್ ಬೇಡ. ಅಂಥದ್ದೊಂದನ್ನು ಜೀಪಿಗೆ ಕೂಡಿಸಿಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿ ಬಂದ ಕಥೆಯನ್ನು ಈ ವಾರ ಹೇಳುತ್ತೇನೆ. ಆದರೆ ನನಗೆ ಈ ಹುಚ್ಚು ಯಾಕೆ ಹತ್ತಿತು ಎನ್ನುವುದನ್ನು ಮೊದಲು ಹೇಳಬೇಕು.

ಸುದ್ದಿಯಿಲ್ಲದ ಎರಡು ದಿನ

2019ರ ಆಗಸ್ಟ್. ಘಟಪ್ರಭಾ ನದಿ ಉಕ್ಕಿ ಗೋಕಾಕ ಊರೊಳಗೇ ನೀರು ಬಂದಿತ್ತು. ಲೋಳಸೂರ ಸೇತುವೆ ಮುಳುಗಿತ್ತು. ನಮ್ಮ ಅಕ್ಕನ ಮನೆ ಇರುವುದು ಹುಕ್ಕೇರಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯಲ್ಲಿ. ಮೊದಲ ದಿನ ಮಧ್ಯಾಹ್ನ ಅವಳು ಫೋನಿನಲ್ಲಿ, “ನೀರು ಹಿತ್ತಲಕ್ಕ ಬಂದೈತಿ, ದನಾ ಬಿಚ್ಚಾಕ ಹತ್ತೀವಿ” ಎಂದಳು. ಅಷ್ಟಕ್ಕೇ ಮಾತು ಕಡಿಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಫೋನ್ ಹತ್ತಲಿಲ್ಲ. ಅಲ್ಲಿ ಕರೆಂಟಿಲ್ಲ. ನಮ್ಮ ಓಣಿಯಲ್ಲೂ ಇಲ್ಲ. ನನ್ನ ಮೊಬೈಲಿನ ಬ್ಯಾಟರಿಯೂ ಖಾಲಿಯಾಯಿತು.

ಎರಡು ದಿನ ನಾವು ಬಾಗಿಲು ನೋಡುತ್ತ ಕೂತೆವು. ಮೂರನೆಯ ದಿನ ಆ ಕಡೆಯಿಂದ ಸುತ್ತುಬಳಸಿ ಬಂದ ಒಬ್ಬ ಲಾರಿ ಚಾಲಕ ಮನೆ ಹುಡುಕಿಕೊಂಡು ಬಂದು, “ನಿಮ್ಮ ಅಕ್ಕಾರು ಸಾಲಿಯೊಳಗ ಅದಾರ್ರೀ, ಎಲ್ಲಾರೂ ಆರಾಮ ಅದಾರ” ಎಂದ. ಇಷ್ಟೇ ಮಾತು. ಈ ಒಂದು ವಾಕ್ಯ ಇಪ್ಪತ್ತು ಮೂವತ್ತು ಕಿಲೋಮೀಟರ್ ದಾಟಿ ಬರುವುದಕ್ಕೆ ಎರಡು ದಿನ ಹಿಡಿಯಿತಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದ ಮಾಸ್ತರ ನಾನು.

ಲಾರಿಯವರ ರೇಡಿಯೊ

ಲಾರಿ ಚಾಲಕನನ್ನು ನೆನೆಯುವಾಗಲೆಲ್ಲ ಅಮೆರಿಕದ ಲಾರಿಗಳ ಸಿಟಿಜನ್ಸ್ ಬ್ಯಾಂಡ್ ರೇಡಿಯೊ ನೆನಪಾಗುತ್ತಿತ್ತು. ಇದನ್ನು ಚಿಕ್ಕದಾಗಿ ಸಿಬಿ ಎನ್ನುತ್ತಾರೆ. ಸಾಮಾನ್ಯ ಜನ ಮಾತಾಡಿಕೊಳ್ಳಲೆಂದು ಆ ದೇಶ 1958ರಲ್ಲಿ 27 ಮೆಗಾಹರ್ಟ್ಸ್ ಸುತ್ತಲಿನ ತರಂಗಗಳನ್ನು ಬಿಟ್ಟುಕೊಟ್ಟಿತು. 1973ರಲ್ಲಿ ಪೆಟ್ರೋಲ್, ಡೀಸೆಲ್‌ಗೆ ಬರ ಬಂದಾಗ, ಯಾವ ಬಂಕಿನಲ್ಲಿ ಎಣ್ಣೆ ಇದೆ, ಮುಂದಿನ ರಸ್ತೆ ಹೇಗಿದೆ ಎಂದು ಲಾರಿಯವರು ಇದರಲ್ಲೇ ಹೇಳಿಕೊಂಡರು. ಬಳಸುವವರು ಹೆಚ್ಚಿದಂತೆ 1977ರಲ್ಲಿ ಚಾನೆಲ್‌ಗಳನ್ನು 23ರಿಂದ 40ಕ್ಕೆ ಏರಿಸಿದರು. ಅಲ್ಲಿ 9ನೆಯ ಚಾನೆಲ್ ಅಪಾಯದ ಕರೆಗೆ ಮೀಸಲು. 19ನೆಯದು ಲಾರಿಯವರ ಹರಟೆಕಟ್ಟೆ. “ಟೆನ್ ಫೋರ್” ಎಂದರೆ “ತಿಳೀತು” ಎಂದರ್ಥ.

ನಮ್ಮಲ್ಲೂ ಸಿಬಿ ಇದೆಯೇ? ಇದೆ. ಈ 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ 5 ವ್ಯಾಟ್‌ವರೆಗಿನ ಶಕ್ತಿಯ, ಆಂಟೆನಾ ಸೆಟ್ಟಿನ ಜೊತೆಗೇ ಇರುವ ಉಪಕರಣಕ್ಕೆ ಪರವಾನಗಿ ಬೇಡ ಎಂದು ಕೇಂದ್ರ ಸರ್ಕಾರ 2005ರಲ್ಲಿ ನಿಯಮ ಮಾಡಿತು. ಸೆಟ್ ಮಾತ್ರ ಸರ್ಕಾರದ ಒಪ್ಪಿಗೆ ಪಡೆದ ಮಾದರಿಯದ್ದಾಗಿರಬೇಕು. ಅಂದರೆ ಕೈಯಲ್ಲಿ ಹಿಡಿಯುವ ಸೆಟ್ ಸರಿ. ಗಾಡಿಯ ಹೊರಗೆ ಉದ್ದನೆಯ ಕೋಲು ನೆಟ್ಟುಕೊಂಡು, ಹೆಚ್ಚು ಶಕ್ತಿ ಕೂಡಿಸಿಕೊಂಡು ಮಾತಾಡುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ.

ಅದಕ್ಕೆ ಇನ್ನೊಂದು ದಾರಿಯಿದೆ. ಅದೇ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ಪಾಸಾಗಿ ಪರವಾನಗಿ ಪಡೆದವರು ಹ್ಯಾಮ್‌ಗಳು. ಅವರಿಗೆ ನಮ್ಮ ದೇಶದಲ್ಲಿ ‘ವಿಯು’ ಎಂದು ಶುರುವಾಗುವ ಕರೆ ಸಂಕೇತ ಸಿಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಒಬ್ಬ ಹ್ಯಾಮ್ ಆಗಿದ್ದರು.

ಹ್ಯಾಮ್‌ಗಳ ದೊಡ್ಡ ಕೆಲಸ ಕಂಡಿದ್ದು 2004ರಲ್ಲಿ. ಆ ಡಿಸೆಂಬರಿನಲ್ಲಿ ದೆಹಲಿಯ ಹ್ಯಾಮ್ ಭಾರತಿ ಪ್ರಸಾದ್ ಒಂದು ತಂಡದೊಡನೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಅಲ್ಲಿಂದ ಲೋಕದ ಹ್ಯಾಮ್‌ಗಳ ಜೊತೆ ಮಾತಾಡುವುದು ಅವರ ಹವ್ಯಾಸದ ಕೆಲಸವಾಗಿತ್ತು. 26ರಂದು ಸುನಾಮಿ ಬಂತು. ದ್ವೀಪಗಳ ಫೋನುಗಳು ಸತ್ತವು. ಹವ್ಯಾಸಕ್ಕೆಂದು ಒಯ್ದ ಅದೇ ರೇಡಿಯೊದಿಂದ ಆ ತಂಡ, ಯಾರು ಎಲ್ಲಿದ್ದಾರೆ, ಯಾರು ಕ್ಷೇಮ ಎಂಬ ಸುದ್ದಿಗಳನ್ನು ಮುಖ್ಯ ಭೂಮಿಗೆ ತಲುಪಿಸಿತು. ಇದನ್ನು ನಾನು ಓದಿದ್ದು ನಮ್ಮ ಹೊಳೆ ಬಂದು ಹೋದಮೇಲೆ.

ಜೀಪಿಗೆ ಕೂಡಿಸಿದ್ದು

ಮೂಡಲಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಟ್ರ್ಯಾಕ್ಟರಿನ ವೈರಿಂಗ್ ಅವನ ಹೊಟ್ಟೆಪಾಡು, ಹ್ಯಾಮ್ ಅವನ ಹವ್ಯಾಸ. ಪರವಾನಗಿಯೂ ಇದೆ. “ಸರ್, ಐತವಾರ ಜೀಪಿಗೆ ಸೆಟ್ ಕೂಡಸ್ತೀನಿ, ಬರ್ರಿ” ಎಂದ. ಆರನೆಯ ತರಗತಿಯ ನನ್ನ ಮೊಮ್ಮಗಳೂ ಗಂಟುಬಿದ್ದಳು.

ಅವನು ಮೊದಲು ಮಾಡಿದ್ದು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ್ದು. ಸ್ಪ್ಯಾನರ್ ಎಲ್ಲಿಯಾದರೂ ತಾಗಿ ಕಿಡಿ ಹಾರಬಾರದಲ್ಲ! ಆಮೇಲೆ ಸೆಟ್ಟಿಗೆ ಜಾಗ ಹುಡುಕಿದ. ಗೇರ್ ಹಾಕುವ ಕೈಗೆ, ಮೊಣಕಾಲಿಗೆ ತಾಗಬಾರದು. ಹೊಸ ಗಾಡಿಯಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗವನ್ನೂ ಬಿಡಬೇಕು. ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಎಳೆಯಲಿಲ್ಲ. ದಪ್ಪ ತಂತಿಯನ್ನು ನೇರ ಬ್ಯಾಟರಿಗೇ ಒಯ್ದ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿದ. ತಂತಿ ತಗಡಿನ ತೂತು ದಾಟುವಲ್ಲಿ ರಬ್ಬರಿನ ಬಳೆ ತೊಡಿಸಿದ. ಇಲ್ಲದಿದ್ದರೆ ಜೀಪಿನ ಕುಲುಕಾಟಕ್ಕೆ ತಗಡೇ ತಂತಿಯ ಮೈ ಕೊಯ್ಯುತ್ತದೆ.

ಆಂಟೆನಾ ಬಂದಾಗ ಮೊಮ್ಮಗಳು ಕೇಳಿದಳು, “ಇಷ್ಟ ಸಣ್ಣದು ಯಾಕ?” ಲೆಕ್ಕ ನೀವೂ ಮಾಡಿ ನೋಡಿ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ. ಸಿಬಿಗೆ 300 ಭಾಗ 27, ಅಂದರೆ ಸುಮಾರು 11 ಮೀಟರ್. ಆಂಟೆನಾ ಅದರ ನಾಲ್ಕನೆಯ ಒಂದು ಭಾಗ ಇರಬೇಕೆಂದರೆ 2.75 ಮೀಟರ್. ಎತ್ತಿನ ಗಾಡಿಯವನ ಬಾರುಕೋಲಿಗಿಂತ ಉದ್ದ! ಅದಕ್ಕೇ ಸಿಬಿ ಆಂಟೆನಾಗಳಲ್ಲಿ ತಂತಿಯನ್ನು ಸುರುಳಿ ಸುತ್ತಿ ಗಿಡ್ಡ ಮಾಡುತ್ತಾರೆ. ನಮ್ಮ ಹುಡುಗ ಬಳಸುವುದು 145 ಮೆಗಾಹರ್ಟ್ಸ್ ಸುತ್ತಲಿನ ಹ್ಯಾಮ್ ಪಟ್ಟಿ. ತರಂಗ ಸುಮಾರು 2 ಮೀಟರ್, ಆಂಟೆನಾ ಅರ್ಧ ಮೀಟರ್.

ತಗಡಿನ ಚಾವಣಿಯ ಗಾಡಿಯಾದರೆ ಆಂಟೆನಾಕ್ಕೆ ಚಾವಣಿಯ ನಡುಮಧ್ಯವೇ ಒಳ್ಳೆಯ ಜಾಗ. ಕೆಳಗಿನ ತಗಡು ಅದಕ್ಕೆ ಕನ್ನಡಿಯ ಹಾಗೆ ಕೆಲಸ ಮಾಡುತ್ತದೆ. ಈ ಜೀಪಿಗಿದ್ದದ್ದು ಕ್ಯಾನ್ವಾಸ್ ಹೊದಿಕೆ. ಹಾಗಾಗಿ ಮಡ್‌ಗಾರ್ಡಿಗೆ ಕಬ್ಬಿಣದ ಪಟ್ಟಿ ಬಿಗಿದು ಅದರ ಮೇಲೆ ನಿಲ್ಲಿಸಿದ. ಆಂಟೆನಾ ಜೋಡಿಸದೆ ಮಾತಿನ ಗುಂಡಿ ಒತ್ತಲೇಬಾರದು ಎಂದು ಎರಡು ಸಲ ಹೇಳಿದ. ಹೊರಗೆ ಹೋಗಲು ದಾರಿಯಿಲ್ಲದ ಶಕ್ತಿ ಸೆಟ್ಟಿನೊಳಗೇ ತಿರುಗಿ ಅದನ್ನು ಸುಡಬಹುದು.

ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಬರುತ್ತಿದೆ ಎಂದು ತೋರಿಸುವ ಮೀಟರೊಂದಿದೆ, ಹೆಸರು ಎಸ್‌ಡಬ್ಲ್ಯುಆರ್. ಮುಳ್ಳು 1.5ರ ಒಳಗಿದ್ದರೆ ಚೆನ್ನ. 3 ದಾಟಿದರೆ ಕೈ ತೆಗೆಯಬೇಕು. ನಮ್ಮದು 3 ದಾಟಿತು! ಕೇಬಲ್ ನೋಡಿದ, ಕನೆಕ್ಟರ್ ಬಿಚ್ಚಿ ಹಾಕಿದ, ಬದಲಾಗಲಿಲ್ಲ. ನಾನೂ ಕನ್ನಡಕ ಏರಿಸಿ ಇಳಿಸಿ ನೋಡಿದೆ. ಮಡ್‌ಗಾರ್ಡಿನ ಹತ್ತಿರ ಕೂತಿದ್ದ ಮೊಮ್ಮಗಳು ಮೆಲ್ಲಗೆ, “ಅಜ್ಜಾ, ಬಣ್ಣದಾಗ ಕರೆಂಟ್ ಹರಿಯೂದಿಲ್ಲಲ್ಲ?” ಎಂದಳು. ವಾಹಕ, ಅವಾಹಕ ಎಂದು ಶಾಲೆಯಲ್ಲಿ ಆಗಷ್ಟೇ ಕಲಿತಿದ್ದಳು. ಪಟ್ಟಿಯ ಕೆಳಗೆ ದಪ್ಪನೆಯ ಬಣ್ಣದ ಪದರ ಹಾಗೇ ಇತ್ತು. ಅದನ್ನು ಕೆರೆದು ಕಬ್ಬಿಣಕ್ಕೆ ಕಬ್ಬಿಣ ಮುಟ್ಟಿಸಿದೊಡನೆ ಮುಳ್ಳು ಇಳಿದು 1.4ಕ್ಕೆ ನಿಂತಿತು. ಮಾಸ್ತರ ಮತ್ತು ಅವನ ವಿದ್ಯಾರ್ಥಿ ಇಬ್ಬರೂ ಸುಮ್ಮನೆ ನಕ್ಕೆವು.

ಒಬ್ಬರಾದ ಮೇಲೆ ಒಬ್ಬರು

ಗೋಕಾಕದ ಒಂದು ಮನೆಯ ಮಾಳಿಗೆಯ ಮೇಲೆ ಅವನ ಗೆಳೆಯ, ಇನ್ನೊಬ್ಬ ಹ್ಯಾಮ್, ಕಾಯುತ್ತಿದ್ದ. ಗಾಡಿ ಓಡಿಸುವವರು ರೇಡಿಯೊದಲ್ಲಿ ಮಾತಾಡಬಾರದು ಎಂಬುದು ನಮ್ಮ ಕರಾರು. ಅದಕ್ಕೆ ಸ್ಟೀರಿಂಗ್ ಹಿಡಿದವನು ನಾನು, ಮೈಕು ಹಿಡಿದವನು ಅವನು. ಮೊಮ್ಮಗಳು ನೋಟ್‌ಬುಕ್ ಹಿಡಿದು ಹಿಂದೆ ಕೂತಳು.

ಮೊದಲು ಕೇಳಬೇಕು. ಚಾನೆಲ್ ಖಾಲಿಯಿದೆ ಎಂದು ಗೊತ್ತಾದ ಮೇಲೆ ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು ಮಾತಾಡಬೇಕು. ಕೂಗಿದರೆ ದನಿ ಒಡೆಯುತ್ತದೆ. ಮುಗಿದ ಮೇಲೆ “ಓವರ್” ಎಂದು ಗುಂಡಿ ಬಿಡಬೇಕು. ಚಾನೆಲ್ ಎಂದರೆ ಒಂದೇ ಗಾಡಿ ದಾಟುವ ಕಿರಿದಾದ ಸೇತುವೆ. ಇಬ್ಬರೂ ನುಗ್ಗಿದರೆ ಇಬ್ಬರದೂ ಕೇಳುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರ್ಯಾಕ್ಟರ್‌ಗಳು ಬೇರೆ ಬೇರೆ ಹಾಡು ಹಚ್ಚಿಕೊಂಡು ಅಕ್ಕಪಕ್ಕ ನಿಂತಾಗ ಹೇಗಿರುತ್ತದೆ? ಥೇಟ್ ಹಾಗೆ! ಮಾತಿಲ್ಲದಾಗ ಬರುವ ‘ಸರ್ರ್’ ಸದ್ದನ್ನು ಮುಚ್ಚಲು ಸ್ಕ್ವೆಲ್ಚ್ ಎಂಬ ತಿರುಪು ಇದೆ. ಅದನ್ನು ಅತಿಯಾಗಿ ತಿರುಗಿಸಿದರೆ ದೂರದ ಮೆಲುದನಿಯೂ ಮುಚ್ಚಿಹೋಗುತ್ತದೆ.

ಹೆಸರು ಸರಿಯಾಗಿ ಕೇಳಿಸದಿದ್ದರೆ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಪದ ಹೇಳುತ್ತಾರೆ. ಗೋಕಾಕ ಎನ್ನಲು “ಗಾಲ್ಫ್, ಆಸ್ಕರ್, ಕಿಲೋ, ಆಲ್ಫಾ, ಕಿಲೋ.” ಇದನ್ನು ಕೇಳಿದ್ದೇ ತಡ, ಮೊಮ್ಮಗಳು ತನ್ನ ಹೆಸರು, ನನ್ನ ಹೆಸರು, ಕೊನೆಗೆ ಕರದಂಟನ್ನೂ ಹೀಗೇ ಹೇಳಲು ಶುರುಮಾಡಿದಳು.

ಊರಿಂದ ಊರಿಗೆ

ಮೂಡಲಗಿಯಿಂದ ಹೊರಟಾಗ ಗೋಕಾಕದ ದನಿ ಮೆಲ್ಲಗಿತ್ತು. ಎರಿ ಹೊಲಗಳ ಬಯಲಿನಲ್ಲಿ ಹತ್ತಿರವಾದಂತೆಲ್ಲ ಅದು ದೊಡ್ಡದಾಯಿತು. ಮೊಮ್ಮಗಳು ಒಂದರಿಂದ ಐದರವರೆಗೆ ಅಂಕ ಕೊಡುತ್ತಿದ್ದಳು. ಗೋಕಾಕ ಪೇಟೆಯಲ್ಲಿ ಐದಕ್ಕೆ ಐದು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಜಲಪಾತದ ಹತ್ತಿರ ಜೀಪು ಇಳಿಸಿದೆ. ದನಿ ಮಾಯ! ನೋಟ್‌ಬುಕ್‌ನಲ್ಲಿ ಸೊನ್ನೆ ಬಿತ್ತು. ಮೂಡಲಗಿಯಷ್ಟು ದೂರದಿಂದ ಕೇಳಿಸಿದ್ದು ಇಷ್ಟು ಹತ್ತಿರದಲ್ಲಿ ಯಾಕಿಲ್ಲ? ನಡುವೆ ಗುಡ್ಡ ನಿಂತಿತ್ತು. ಈ ತರಂಗಗಳು ಹೆಚ್ಚುಕಡಿಮೆ ಕಣ್ಣೋಟದ ಹಾಗೆ ನೇರ ಹೋಗುವಂಥವು. ದೂರಕ್ಕಿಂತ ಎತ್ತರ ಮುಖ್ಯ.

ಸಿಬಿಯ 27 ಮೆಗಾಹರ್ಟ್ಸ್ ತರಂಗ ಮಾತ್ರ ಆಗಾಗ ತುಂಟತನ ಮಾಡುತ್ತದೆ. ಸೂರ್ಯನಲ್ಲಿ ಕಲೆಗಳು ಹೆಚ್ಚುವ ವರ್ಷಗಳಲ್ಲಿ ಅದು ಮೇಲಿನ ಅಯಾನುಗೋಳಕ್ಕೆ ಬಡಿದು, ಚೆಂಡಿನ ಹಾಗೆ ಪುಟಿದು ದೂರ ದೇಶಕ್ಕೆ ಹೋಗಿಬಿಡಬಹುದು. ಅದನ್ನು ನಂಬಿ ಕೂರಲಾಗದು. ಕೈಸೆಟ್ಟಿನ ದಿನನಿತ್ಯದ ಅಳತೆ ಕೆಲವು ಕಿಲೋಮೀಟರ್ ಅಷ್ಟೇ.

ಹುಕ್ಕೇರಿಯ ಕಡೆ ಏರು ಸಿಕ್ಕಿದಂತೆ ದನಿ ಮರಳಿತು. ದಾರಿ ಬಿಟ್ಟು ಅಕ್ಕನ ಹಳ್ಳಿಗೆ ಇಳಿಯುವ ಮೊದಲು ದಿಬ್ಬದ ಮೇಲೆ ಜೀಪು ನಿಲ್ಲಿಸಿದೆ. ಅಲ್ಲಿಂದ ಅವಳ ಮನೆಯ ಹಂಚು, ಅದರಾಚೆ ಹೊಳೆ ಎರಡೂ ಕಾಣುತ್ತವೆ. ಸುದ್ದಿ ಗೊತ್ತಿದ್ದ ಅಕ್ಕ ನಮ್ಮನ್ನು ನೋಡಿ ಸೆರಗು ಸುತ್ತಿಕೊಂಡು ದಿಬ್ಬ ಏರಿ ಬಂದಳು. ಹುಡುಗ ಮೈಕು ಎತ್ತಿ ಗೋಕಾಕಕ್ಕೆ ಹೇಳಿದ: “ಸರ್ ಅವರ ಅಕ್ಕಾರ ಊರಾಗ ಅದೀವಿ. ಎಲ್ಲಾರೂ ಆರಾಮ. ಕೇಳಸ್ತೈತೇನ್ರೀ? ಓವರ್!”

“ಕೇಳಸ್ತೈತಿ. ಎಲ್ಲಾರೂ ಆರಾಮ, ತಿಳೀತು. ಓವರ್.”

ಅಕ್ಕ ನನ್ನ ಮುಖ ನೋಡಿದಳು. ನಾನು ಹೊಳೆಯ ಕಡೆ ನೋಡಿದೆ. 2019ರಲ್ಲಿ ನಾವು ಎರಡು ದಿನ ಕಾದ ವಾಕ್ಯ ಅದೇ ಆಗಿತ್ತು.

ಮೊಮ್ಮಗಳು “ನಾನೂ ಒಮ್ಮೆ ಮಾತಾಡ್ಲಿ?” ಎಂದು ಕೈ ಚಾಚಿದಳು. ಹುಡುಗ ಮೈಕು ಕೊಡಲಿಲ್ಲ. ಪರವಾನಗಿ ಇಲ್ಲದವರು ಹ್ಯಾಮ್ ಸೆಟ್ಟಿನ ಗುಂಡಿ ಒತ್ತುವಂತಿಲ್ಲ, ಗುರುವಿನ ಮೊಮ್ಮಗಳಾದರೂ ಅಷ್ಟೇ. ಅವಳ ಮುಖ ಸಪ್ಪಗಾಯಿತು. “ನಿನಗ 12 ತುಂಬಲಿ, ಪರೀಕ್ಷಾ ಬರಿ. ನಿನ್ನ ಕರೆ ಸಂಕೇತ ನಾ ಮೊದಲ ಕರೀತೀನಿ” ಎಂದ. ಹನ್ನೆರಡು ತುಂಬಿದ ಯಾರೂ ಈ ಪರೀಕ್ಷೆಗೆ ಕೂರಬಹುದು. ಅಜ್ಜ ಅಜ್ಜಿಯರಿಗೂ ತಡೆಯಿಲ್ಲ.

ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಗುವ ವಾಕಿಟಾಕಿಯನ್ನೆಲ್ಲ ಕೊಂಡು ಬಳಸಬೇಡಿ. ಪರವಾನಗಿ ಬೇಕಾದ ತರಂಗಗಳಲ್ಲಿ ಕೆಲಸ ಮಾಡುವ ಸೆಟ್ಟುಗಳೂ ಅವುಗಳಲ್ಲಿರುತ್ತವೆ. ನಿಮ್ಮ ಆಟ ಪೊಲೀಸರ, ಅಗ್ನಿಶಾಮಕದವರ ಮಾತಿಗೆ ಅಡ್ಡ ಬಂದರೆ ಯಾರದೋ ಜೀವಕ್ಕೆ ತೊಂದರೆಯಾದೀತು.

ಈಗ ನಮ್ಮ ಮನೆಯಲ್ಲಿ ಪರೀಕ್ಷೆಯ ಓದು ನಡೆದಿದೆ. ಅವಳು ನನಗೆ ಅಕ್ಷರಗಳ ಪದ ಕೇಳುತ್ತಾಳೆ, ನಾನು ಅವಳಿಗೆ ಓಮ್‌ನ ನಿಯಮ ಕೇಳುತ್ತೇನೆ. ಇಬ್ಬರೂ ಒಟ್ಟಿಗೇ ಬರೆಯುವುದೆಂದು ಮಾತಾಗಿದೆ. ಊಟಕ್ಕೆ ಕರೆದರೂ ಅವಳು “ಬಂದೆ, ಓವರ್” ಎನ್ನುತ್ತಾಳೆ. ಅವರ ಅಜ್ಜಿ ಅಡುಗೆಮನೆಯಿಂದಲೇ, “ಅನ್ನ ಆರೂದ್ರೊಳಗ ಬಾ, ಓವರ್!” ಎನ್ನುತ್ತಾಳೆ.