ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ? ಲೆಕ್ಕ ಇಟ್ಟು ನೋಡೋಣ



ನಮ್ಮ ಜತ್ತ, ಅಕ್ಕಲಕೋಟ ಭಾಗದಲ್ಲಿ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವ ಕುಟುಂಬಗಳಿವೆ. ವಸ್ತಿ ಅಂತ ಕರೆಯುವ ಇಂಥ ಕಡೆ ವಿದ್ಯುತ್ ತಂತಿ ಬಾರದಿದ್ದರೆ ಮಾಳಿಗೆಯ ಮೇಲೊಂದು ಸೋಲಾರ್ ಫಲಕ, ಮೂಲೆಯಲ್ಲೊಂದು ಬ್ಯಾಟರಿ, ಇವೇ ಆಧಾರ. ಹಗಲು ಬಿಸಿಲು ತುಂಬಿಸುತ್ತದೆ, ರಾತ್ರಿ ನಾವು ಖರ್ಚು ಮಾಡುತ್ತೇವೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಓದುತ್ತಾ ಕುಳಿತಾಗ ದೀಪ ಪಟ್ಟನೆ ಆರಿದರೆ? “ಸಂಜೀಕ ಹಸಿರು ದೀಪ ಹತ್ತಿತ್ತಲ್ಲ, ಈಗ ಯಾಕ ಆರಿತು?” ಅಂತ ಮನೆಯವರೆಲ್ಲ ಕೇಳುತ್ತಾರೆ. ಉತ್ತರ ಹೇಳುವವರು ನೀವೇ ಆಗಬಹುದು.

ವೋಲ್ಟೇಜ್ ಹೇಳುವುದು ಅರ್ಧ ಮಾತು

ಸೀಸ-ಆಮ್ಲ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ತಯಾರಿಸಿದರು. ಇಂದಿಗೂ ಬಹಳ ಮನೆಗಳಲ್ಲಿ ಇರುವುದು ಇದೇ. 12 ವೋಲ್ಟ್ ಅಂತ ಕರೆಯುವ ಬ್ಯಾಟರಿಯೊಳಗೆ ಆರು ಕೋಶಗಳಿರುತ್ತವೆ. ಪೂರ್ತಿ ತುಂಬಿ, ಕೆಲವು ತಾಸು ಸುಮ್ಮನೆ ಬಿಟ್ಟ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ. ಅರ್ಧ ಖಾಲಿಯಾದರೆ ಸುಮಾರು 12.2. ಪೂರ್ತಿ ಖಾಲಿ ಅಂದರೆ 11.8ರ ಆಸುಪಾಸು. ತುಂಬಿದ್ದಕ್ಕೂ ಬರಿದಾದದ್ದಕ್ಕೂ ಒಂದು ವೋಲ್ಟಿನಷ್ಟೂ ಅಂತರವಿಲ್ಲ!

ಅದೂ ಬ್ಯಾಟರಿ ಸುಮ್ಮನೆ ಕುಳಿತಾಗಿನ ಮಾತು. ಟಿವಿ, ಫ್ಯಾನ್ ಹಚ್ಚಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಬಿಸಿಲಿನಲ್ಲಿ ಫಲಕ ತುಂಬಿಸುತ್ತಿರುವಾಗ 13, 14ಕ್ಕೂ ಏರುತ್ತದೆ. ಓಡಿ ಬಂದವನ ನಾಡಿ ಹಿಡಿದು ಜ್ವರ ಐತಿ ಅನ್ನಲಾಗುತ್ತದೆಯೇ? ಹಾಗೆಯೇ ಇದು. ಚಾರ್ಜ್ ಕಂಟ್ರೋಲರ್ ಪೆಟ್ಟಿಗೆಯ ಹಸಿರು, ಕೆಂಪು ದೀಪಗಳು ಸಾಮಾನ್ಯವಾಗಿ ವೋಲ್ಟೇಜನ್ನಷ್ಟೇ ನೋಡಿ ಹತ್ತುತ್ತವೆ. ಅದಕ್ಕೇ ಸಂಜೆ ಐದಕ್ಕೆ ಹಸಿರು ಕಂಡರೂ ಬ್ಯಾಟರಿ ಅರೆಹೊಟ್ಟೆಯಲ್ಲಿರಬಹುದು.

ಹಗೇವಿನ ಲೆಕ್ಕ

ನಿಮ್ಮ ಅಜ್ಜ-ಅಜ್ಜಿಯರನ್ನು ಹಗೇವಿನ ಬಗ್ಗೆ ಕೇಳಿ. ಮರಾಠಿಯಲ್ಲಿ ಪೇವ್ ಅನ್ನುವ ಈ ನೆಲಮಾಳಿಗೆಯಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ಎಷ್ಟು ಉಳಿದಿದೆ ಅಂತ ದಿನಾ ಇಣುಕಿ ನೋಡುವಂತಿರಲಿಲ್ಲ. ಎಷ್ಟು ಚೀಲ ಹಾಕಿದೆವು, ಎಷ್ಟು ತೆಗೆದೆವು, ಇದರ ಲೆಕ್ಕ ಇಟ್ಟರೆ ಉಳಿದದ್ದು ತಿಳಿಯುತ್ತದೆ. ಬ್ಯಾಟರಿ ಮಾನಿಟರ್ ಮಾಡುವುದೂ ಇಷ್ಟೇ. ಅದು ಜೋಳದ ಬದಲು ವಿದ್ಯುತ್ ಪ್ರವಾಹವನ್ನು ಎಣಿಸುತ್ತದೆ.

ಇಲ್ಲಿ ಚೀಲ ಅಂದರೆ ಆಂಪಿಯರ್-ತಾಸು. ಒಂದು ಆಂಪಿಯರ್ ಪ್ರವಾಹ ಒಂದು ತಾಸು ಹರಿದರೆ ಒಂದು ಆಂಪಿಯರ್-ತಾಸು, ಅಂದರೆ 3600 ಕೂಲಂಬ್ ಆವೇಶ. ಬ್ಯಾಟರಿಯ ಮೇಲೆ 100 ಎಎಚ್ ಅಂತ ಬರೆದಿರುತ್ತದಲ್ಲ, ಅದು ಇದೇ.

ಎಣಿಸುವುದು ಹೇಗೆ? ಬ್ಯಾಟರಿಯ ಋಣ ತುದಿಗೆ ಶಂಟ್ ಅನ್ನುವ ದಪ್ಪ ಲೋಹದ ತುಂಡು ಜೋಡಿಸುತ್ತಾರೆ. ಅದರ ರೋಧ ಬಹಳ ಕಡಿಮೆ, ಆದರೆ ಎಷ್ಟು ಅಂತ ಖಚಿತವಾಗಿ ಗೊತ್ತು. 100 ಆಂಪಿಯರಿಗೆ 75 ಮಿಲಿವೋಲ್ಟ್ ಅಂತ ಬರೆದ ಶಂಟಿನ ರೋಧ 0.00075 ಓಮ್. ಅದರ ಎರಡು ತುದಿಗಳ ನಡುವೆ 3 ಮಿಲಿವೋಲ್ಟ್ ಕಂಡರೆ ಹರಿಯುವ ಪ್ರವಾಹ ಎಷ್ಟು? ಓಮನ ನಿಯಮ ಹಾಕಿ: 0.003 ÷ 0.00075 = 4 ಆಂಪಿಯರ್. ಮಾನಿಟರ್ ಇದನ್ನು ಮತ್ತೆ ಮತ್ತೆ ಅಳೆದು, ಒಳಗೆ ಹೋದದ್ದನ್ನು ಕೂಡಿಸಿ, ಹೊರಗೆ ಬಂದದ್ದನ್ನು ಕಳೆದು, “ಇನ್ನು ಶೇ. 64 ಉಳಿದಿದೆ” ಅಂತ ತೋರಿಸುತ್ತದೆ.

ಒಂದು ಮನೆಯ ಉದಾಹರಣೆ

12 ವೋಲ್ಟಿನ 100 ಎಎಚ್ ಬ್ಯಾಟರಿ, ನೇರ 12 ವೋಲ್ಟಿನಲ್ಲೇ ನಡೆಯುವ ಉಪಕರಣಗಳು ಅಂತ ಇಟ್ಟುಕೊಳ್ಳಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ.

9 ವ್ಯಾಟಿನ ಎರಡು ಬಲ್ಬ್: 1.5 ಆಂಪಿಯರ್ × 5 ತಾಸು = 7.5
24 ವ್ಯಾಟಿನ ಫ್ಯಾನ್: 2 ಆಂಪಿಯರ್ × 8 ತಾಸು = 16
36 ವ್ಯಾಟಿನ ಟಿವಿ: 3 ಆಂಪಿಯರ್ × 3 ತಾಸು = 9
ಮೊಬೈಲ್: 0.5 ಆಂಪಿಯರ್ × 3 ತಾಸು = 1.5
ಒಟ್ಟು ಖರ್ಚು: 34 ಆಂಪಿಯರ್-ತಾಸು

ಈಗ ಗಳಿಕೆ ನೋಡೋಣ. 100 ವ್ಯಾಟಿನ ಫಲಕ ಒಳ್ಳೆಯ ಬಿಸಿಲಿಗೆ ಸುಮಾರು 5.6 ಆಂಪಿಯರ್ ಕೊಡುತ್ತದೆ. ಅಂಥ ಬಿಸಿಲು 5 ತಾಸು ಸಿಕ್ಕರೆ 28. ಹಗೇವಿನ ಗೋಡೆಗೆ ಹತ್ತಿದ ಜೋಳ ಕೆಡುವಂತೆ ಇಲ್ಲಿಯೂ ಸ್ವಲ್ಪ ನಷ್ಟವಾಗುತ್ತದೆ. ಶೇ. 85 ಉಪಯೋಗಕ್ಕೆ ಬಂತು ಅಂದರೂ ಕೈಗೆ ಸಿಗುವುದು ಸುಮಾರು 24. ದಿನಕ್ಕೆ 10ರಷ್ಟು ಸಾಲ!

ಮೊದಲ ಸಂಜೆ 100 ಇದ್ದದ್ದು ಬೆಳಗಾದಾಗ 66. ಎರಡನೇ ಸಂಜೆ 90, ಬೆಳಿಗ್ಗೆ 56. ಮೂರನೇ ಸಂಜೆ 80, ಬೆಳಿಗ್ಗೆ 46. ಅಷ್ಟೂ ದಿನ ದೀಪ ಚೆನ್ನಾಗಿಯೇ ಉರಿಯುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಒಂದು ವಾರ ಹೀಗೇ ನಡೆದರೆ ಬ್ಯಾಟರಿ ಹೆಚ್ಚುಕಡಿಮೆ ಬರಿದು. ನಡುವೆ ಎರಡು ದಿನ ಮೋಡ ಕವಿದರೆ ಇನ್ನೂ ಬೇಗ.

ದೀಪ ಆರುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಒಳಗೆ ನಡೆಯುತ್ತದೆ. ಬ್ಯಾಟರಿ ಖರ್ಚಾಗುವಾಗ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಬೇಗ ತಿರುಗಿ ತುಂಬಿಸಿದರೆ ಅದು ಕರಗುತ್ತದೆ. ಅರೆಹೊಟ್ಟೆಯಲ್ಲೇ ದಿನಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಹಗೇವಿನಲ್ಲಿ ಮಣ್ಣು ಕುಸಿದು ಜಾಗ ಕಡಿಮೆಯಾದಂತೆ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ವರ್ಷಗಟ್ಟಲೆ ಬಾಳಬೇಕಾದದ್ದು ಬೇಗ ಸಾಯುತ್ತದೆ, ಅಪ್ಪನ ದುಡಿಮೆಯ ಸಾವಿರಾರು ರೂಪಾಯಿ ಹೋಗುತ್ತದೆ.

ಪರಿಹಾರವೂ ಅದೇ ಲೆಕ್ಕದಲ್ಲಿದೆ. ಟಿವಿ ಬಿಟ್ಟರೆ 9 ಉಳಿಯಿತು. ಫ್ಯಾನ್ ಒಂದು ತಾಸು ಕಡಿಮೆ ಮಾಡಿದರೆ ಇನ್ನೆರಡು. ಖರ್ಚು 23, ಗಳಿಕೆ 24. ಟಿವಿ ಬೇಕೇ ಬೇಕು ಅಂದರೆ ಇನ್ನೊಂದು ಫಲಕ ಹಾಕಬೇಕು. ಹೊಸ ಬ್ಯಾಟರಿ ತಂದರೆ ಸಾಲ ತೀರದು. ಗಳಿಕೆ ಅಷ್ಟೇ ಇರುವಾಗ ದೊಡ್ಡ ಹಗೇವು ತೋಡಿದರೆ ಏನು ಉಪಯೋಗ?

ಮಾನಿಟರ್ ತಪ್ಪು ಹೇಳುವುದು ಯಾವಾಗ?

ಒಂದು, ಬ್ಯಾಟರಿಯ ಎಎಚ್ ಎಷ್ಟು ಅಂತ ಅದಕ್ಕೆ ಸರಿಯಾಗಿ ಹೇಳಿಕೊಡದಿದ್ದಾಗ. ಬ್ಯಾಟರಿ ಹಳೆಯದಾದರೆ ಆ ಸಂಖ್ಯೆಯನ್ನೂ ಇಳಿಸಬೇಕು.

ಎರಡು, ಯಾವುದೋ ಒಂದು ತಂತಿಯನ್ನು ಶಂಟ್ ದಾಟಿಸದೆ ನೇರವಾಗಿ ಬ್ಯಾಟರಿಯ ಋಣ ತುದಿಗೆ ಜೋಡಿಸಿದಾಗ. ಹಿಂಬಾಗಿಲಿನಿಂದ ಹೋದ ಚೀಲ ಲೆಕ್ಕಕ್ಕೆ ಸಿಗುವುದಿಲ್ಲ.

ಮೂರು, ಬಹಳ ದಿನ ಬ್ಯಾಟರಿ ಪೂರ್ತಿ ತುಂಬದಿದ್ದಾಗ. ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಆಗಾಗ ಪೂರ್ತಿ ತುಂಬಿಸಿದರೆ ಮಾನಿಟರ್ ತನ್ನ ಲೆಕ್ಕವನ್ನು ಮತ್ತೆ 100ರಿಂದ ಶುರು ಮಾಡುತ್ತದೆ.

ಈಗ ಬರುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಿಗಂತೂ ಎಣಿಕೆ ಇನ್ನೂ ಅಗತ್ಯ. ಅವು ಬಹುಭಾಗ ಖರ್ಚಾಗುವವರೆಗೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ, ಕೊನೆಗೆ ಒಮ್ಮೆಲೇ ಕುಸಿಯುತ್ತದೆ.

ಮಾಡಿ ನೋಡಿ

ಮಾನಿಟರ್ ಇಲ್ಲದಿದ್ದರೂ ಚಿಂತೆಯಿಲ್ಲ, ಒಂದು ವಹಿ ಸಾಕು. ಒಂದು ವಾರ ಪ್ರತಿದಿನ ಯಾವ ಉಪಕರಣ ಎಷ್ಟು ತಾಸು ನಡೆಯಿತು ಅಂತ ಬರೆಯಿರಿ. ಎಷ್ಟು ತಾಸು ಒಳ್ಳೆಯ ಬಿಸಿಲಿತ್ತು ಅಂತಲೂ ಬರೆಯಿರಿ. ಮೇಲಿನಂತೆ ಗಳಿಕೆ, ಖರ್ಚು ಹಾಕಿ. ಮಲ್ಟಿಮೀಟರ್ ಇದ್ದರೆ ನಸುಕಿನಲ್ಲಿ, ಬಿಸಿಲು ಬೀಳುವ ಮೊದಲು, ಎಲ್ಲ ಉಪಕರಣ ಬಂದ್ ಮಾಡಿಸಿ ದೊಡ್ಡವರ ಜೊತೆ ವೋಲ್ಟೇಜ್ ನೋಡಿ. ನಿಮ್ಮ ಲೆಕ್ಕಕ್ಕೂ ಅದಕ್ಕೂ ತಾಳೆಯಾಗುತ್ತದೆಯೇ?

ಎಚ್ಚರ: ಬ್ಯಾಟರಿಯ ಎರಡು ತುದಿಗಳಿಗೆ ಒಟ್ಟಿಗೆ ಲೋಹ ತಾಗಿಸಬಾರದು. ಹತ್ತಿರ ಬೆಂಕಿ ಹಚ್ಚಬಾರದು, ತುಂಬುವಾಗ ಹೈಡ್ರೋಜನ್ ಅನಿಲ ಬರುತ್ತದೆ. ಒಳಗಿರುವುದು ಗಂಧಕಾಮ್ಲ, ಮುಚ್ಚಳ ತೆಗೆಯುವ ಕೆಲಸ ದೊಡ್ಡವರಿಗೇ ಬಿಡಿ.

ವಾರದ ವಹಿಯನ್ನು ವಿಜ್ಞಾನದ ಗುರುಗಳಿಗೆ ತೋರಿಸಿ. ಆಮೇಲೆ ಮನೆಯಲ್ಲಿ ಎಲ್ಲರೂ ಕೂತಾಗ ಓದಿ ಹೇಳಿ: “ಯವ್ವಾ, ದಿನಾ ಹತ್ತು ಸಾಲ ಆಗಾಕತ್ತೈತಿ. ಇವತ್ತ ಟಿವಿ ಬ್ಯಾಡ.” ಕಾರಣ ಸಮೇತ ಹೇಳಿದ ಮಾತನ್ನು ಮನೆಯವರು ಕೇಳುತ್ತಾರೆ.