ನಿಮಗಿದು ಗೊತ್ತೆ? ಒಂಟಿ ಪ್ರೊಸೆಸರ್‌ಗೆ ಲಾಕ್ ಬರೀ ಹೊರೆ

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನಲ್ಲಿ ಎರಡು ಬಗೆ: ಒಂದೇ ಪ್ರೊಸೆಸರ್‌ಗೆಂದು ರೂಪಿಸಿದ್ದು, ಹಲವನ್ನು ಒಟ್ಟಿಗೆ ದುಡಿಸುವಂಥದ್ದು. ಎರಡನೆಯದರಲ್ಲಿ ಎರಡು ಪ್ರೊಸೆಸರ್‌ಗಳು ಒಂದೇ ದತ್ತಾಂಶವನ್ನು ಒಮ್ಮೆಗೇ ತಿದ್ದದಂತೆ ಲಾಕ್‌ಗಳು ಬೇಕು. ಅರಸೀಕೆರೆ ಜಂಕ್ಷನ್‌ನಲ್ಲಿ ಮೈಸೂರು ಕಡೆಯ ರೈಲೂ ಬೆಂಗಳೂರು ಕಡೆಯ ರೈಲೂ ಒಂದೇ ಹಳಿಗೆ ನುಗ್ಗದಂತೆ ಸಿಗ್ನಲ್ ತಡೆಯುವುದು ಹೀಗೆಯೇ.

ಪ್ರೊಸೆಸರ್ ಒಂದೇ ಇದ್ದರೆ ಈ ಕಾವಲಿಗೆ ಹೆಚ್ಚಿನ ಕೆಲಸವಿಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂಟಿ ಪ್ರೊಸೆಸರ್ ಕರ್ನೆಲ್‌ನಲ್ಲಿ, ಬಿಡುವಾಗುವವರೆಗೆ ಪ್ರೊಸೆಸರನ್ನು ಕಾಯಿಸುವ ‘ಸ್ಪಿನ್‌ಲಾಕ್’ ಎಂಬ ಲಾಕ್‌ನ ಕಾಯುವ ಕೋಡ್ ಕಂಪೈಲ್ ಆಗುವಾಗಲೇ ಬಿಟ್ಟುಹೋಗುತ್ತದೆ, ಕರ್ನೆಲ್ ಚಿಕ್ಕದಾಗಿ, ತುಸು ಚುರುಕಾಗುತ್ತದೆ. ಅದೇ ಕರ್ನೆಲ್ಲನ್ನು ಎರಡು ಕೋರ್‌ನ ಯಂತ್ರಕ್ಕೆ ಹಾಕಿದರೆ ಒಂದು ಕೋರ್ ಕೆಲಸವಿಲ್ಲದೆ ಕೂರುತ್ತದೆ. ಆ ನಷ್ಟದ ಮುಂದೆ ಈ ಲಾಭ ಏನೇನೂ ಅಲ್ಲ.

1996ರಲ್ಲಿ ಲಿನಕ್ಸ್ 2.0 ಬಹು ಪ್ರೊಸೆಸರ್ ಬೆಂಬಲ ತಂದಾಗ ಇಡೀ ಕರ್ನೆಲ್‌ಗೆ ಒಂದೇ ದೊಡ್ಡ ಲಾಕ್ ಇತ್ತು. ಒಂದು ಪ್ರೊಸೆಸರ್ ಒಳಹೊಕ್ಕರೆ ಉಳಿದವು ಕಾಯಬೇಕಿತ್ತು. ಅದನ್ನು ಸಣ್ಣ ಲಾಕ್‌ಗಳಾಗಿ ಒಡೆಯುವ ಕೆಲಸ ವರ್ಷಗಟ್ಟಲೆ ನಡೆದು, ದೊಡ್ಡ ಲಾಕ್ ಪೂರ್ತಿ ಹೋದದ್ದು 2011ರಲ್ಲಿ.

ಲಿನಕ್ಸ್‌ಗೆ ಬಹು ಪ್ರೊಸೆಸರ್ ಬೆಂಬಲ ಬರುವ ಮೊದಲೇ ನಮ್ಮಲ್ಲಿ ಅಂಥ ಯಂತ್ರವಿತ್ತು: ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು (ಎನ್‌ಎಎಲ್) ಗಾಳಿಯ ಹರಿವಿನ ಲೆಕ್ಕಾಚಾರಕ್ಕೆಂದು ‘ಫ್ಲೋಸಾಲ್ವರ್’ ಎಂಬ ಬಹು ಪ್ರೊಸೆಸರ್ ಕಂಪ್ಯೂಟರನ್ನು 1986ರಲ್ಲೇ ಕಟ್ಟಿತ್ತೆಂಬುದು ಹೆಮ್ಮೆಯ ಸಂಗತಿ.